ಒಲೆ ಹಚ್ಚದ ಮನೆಗೆ ಬಂದ ಡಬ್ಬಿ

"ಲೇ ವೀರೂ... ಕೊರಳಾಗ ಲಿಂಗ ಕಟ್ಟಿಕೊಂಡು ಏನು ತಿನ್ನಾಕತ್ತೀಯೋ ನೀ?"

ಬಾಗಿಲಲ್ಲೇ ನಿಂತು ಕೇಳಿದ ದಾನೇಶ್ವರಿಯ ದನಿಗೆ ಅಡುಗೆಮನೆಯಲ್ಲಿದ್ದ ಇಬ್ಬರೂ ತಿರುಗಿ ನೋಡಿದರು.

ಒಬ್ಬ ಅವಳ ತಮ್ಮ ವೀರೇಂದ್ರ. ಲಿಂಗಸುಗೂರಿನ ಸರ್ವೆ ಕಚೇರಿಯಲ್ಲಿ ಕೆಲಸ ಸಿಕ್ಕು, ಈ ಮನೆಯ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದು ಆರು ತಿಂಗಳಾಗಿತ್ತು. ಇನ್ನೊಬ್ಬನನ್ನು ಅವಳು ಹಿಂದೆ ಕಂಡಿರಲಿಲ್ಲ. ಮೊಣಕೈವರೆಗೆ ಮೈದಾಹಿಟ್ಟು, ಹೆಗಲ ಮೇಲೊಂದು ಒದ್ದೆ ಬಟ್ಟೆ. ಅವನ ಮುಂದಿನ ತಾಟಿನಲ್ಲಿ ನಿರಿಗೆ ಹಿಡಿದ ಬಿಳಿಯ ಕಡಬುಗಳು ಸಾಲಾಗಿ ಕುಳಿತಿದ್ದವು.

ತಮ್ಮನ ಬಾಯಲ್ಲಿ ಅಂಥದೇ ಒಂದು, ಅರ್ಧ ಕಚ್ಚಿದ್ದು. ತುಟಿಯ ಅಂಚಿನಲ್ಲಿ ಕೆಂಪು ಎಣ್ಣೆ.

ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ ಕೋಳಿಯ ಚಿತ್ರ ಬರೆದ ಗಾಡಿಯಲ್ಲಿ ಇಂಥವನ್ನೇ ಮಾರುವುದನ್ನು ಅವಳು ನೋಡಿದ್ದಳು. ತಮ್ಮನಿಗೆಂದು ಅವ್ವ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿಯನ್ನು ಅವಳು ಬೆನ್ನ ಹಿಂದೆ ಸರಿಸಿದಳು. ಎರಡು ಹೊತ್ತು ಲಿಂಗಪೂಜೆ ತಪ್ಪಿಸದ ಅಪ್ಪನಿಗೆ ಇದು ಗೊತ್ತಾದರೆ...

ಆ ಅಪರಿಚಿತ ಸಿಟ್ಟಾಗಲಿಲ್ಲ. ತಾಟಿನಿಂದ ಒಂದು ಕಡಬು ಎತ್ತಿ, ಎರಡು ಬೆರಳಲ್ಲಿ ಸೀಳಿ ಅವಳ ಮುಂದೆ ಹಿಡಿದ.

"ಒಳಗೇನೈತಿ ನೋಡ್ರಿ ಮದಲ. ನೋಡಿದ ಮ್ಯಾಲ ಬೈರಿ."

ಎಲೆಕೋಸು, ಗಜ್ಜರಿ, ಪನೀರು, ಒಂದಿಷ್ಟು ಶುಂಠಿ. ಅಷ್ಟೇ.

ದಾನೇಶ್ವರಿಯ ಮುಖ ಕೆಂಪಾಯಿತು. ನಾಚಿಕೆ ಮುಚ್ಚಿಕೊಳ್ಳಲು ಅವಳು ಇನ್ನೊಂದು ತಪ್ಪು ಹುಡುಕಿದಳು. ಮುಟ್ಟಿ ನೋಡಿ, ಇವು ತಂಗಳು, ತಮ್ಮನಿಗೆ ತಂಗಳು ತಿನ್ನಿಸುತ್ತೀರಾ ಎಂದಳು.

ವೀರೇಂದ್ರ ಬಿದ್ದು ಬಿದ್ದು ನಕ್ಕ. "ತಂಗಳಲ್ಲಕ್ಕಾ. ಚೀನಾದವರ ಕಡಬು ಇವು. ಬ್ಯಾಸಗ್ಯಾಗ ಇವನ್ನ ತಣ್ಣಗ ಮಾಡೇ ತಿಂತಾರಂತ. ಶಿವಕಾಂತ ಹೈದರಾಬಾದ್ ಹೊಟೇಲಿನಾಗ ಕಲ್ತು ಬಂದಾನ. ನೀ ಒಂದು ತಿನ್ನು, ಆಮ್ಯಾಲ ಪಂಚಾಯ್ತಿ ಮಾಡು."

ಅವಳು ತಿಂದಳು. ಹಲ್ಲಿಗೆ ತಂಪು, ನಾಲಿಗೆಗೆ ಖಾರ. ಖಾರದ ಹಿಂದೆಯೇ ಗೊತ್ತಿದ್ದ ಒಂದು ರುಚಿ ಬಂತು. ಹುಬ್ಬು ಗಂಟಿಕ್ಕಿ ಯೋಚಿಸಿದಳು. ಮನೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಯದು.

"ಇದು ನಮ್ಮವ್ವನ ಶೇಂಗಾ ಹಿಂಡಿ ಐತಲ್ಲ..."

"ಹಿಂಡಿನೇ ರೀ," ಎಂದ ಶಿವಕಾಂತ. "ಎಣ್ಣಿ, ಹುಳಿ ಬಿದ್ದಾವ, ಅಷ್ಟ. ಚೀನಾದಾಗೂ ಶೇಂಗಾ ಶೇಂಗಾನೇ."

ಅವಳಿಗೆ ನಗು ಬಂತು. ಆ ನಗುವನ್ನು ಅವನು ನೋಡಿದ. ಅವನು ನೋಡಿದ್ದನ್ನು ವೀರೇಂದ್ರ ನೋಡಿದ.

*

ಶಿವಕಾಂತ ಮೂರು ವರ್ಷ ಹೈದರಾಬಾದಿನ ದೊಡ್ಡ ಹೊಟೇಲಿನ ಅಡುಗೆಮನೆಯಲ್ಲಿದ್ದವನು. ತಂದೆ ತೀರಿದ ಮೇಲೆ ಊರಿಗೆ ಬಂದು ಅವರ ಕಿರಾಣಿ ಅಂಗಡಿ ನಡೆಸುತ್ತಿದ್ದ. ವೀರೇಂದ್ರ ಬಾಡಿಗೆಗಿದ್ದ ಆ ಮನೆ ಅವನದೇ; ಇರುವವರು ಅವನು, ಅವನ ತಾಯಿ. ಶಿವಭಕ್ತರ ಮನೆತನ, ಮಾತು ಕಡಿಮೆ.

ದಾನೇಶ್ವರಿ ಸಿಂಧನೂರಿನ ಮನೆಯಲ್ಲೇ ಕುಳಿತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ತಂದೆ ಕರಿಬಸಯ್ಯ ನಿವೃತ್ತ ಶಿಕ್ಷಕರು. ತಾಯಿ ಶೇಖರಮ್ಮ. ಆ ಬೇಸಿಗೆ ಕಳೆಯುವುದರೊಳಗೆ ತಮ್ಮನಿಗೆ ಬುತ್ತಿ ಒಯ್ಯುವ ಕೆಲಸ ಅವಳಿಗೆ ಬಹಳ ಸಲ ಬಂತು. ಅವಳು ಹೋದ ದಿನ ಶಿವಕಾಂತ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚುತ್ತಿದ್ದ. ಒಂದು ದಿನ ಅವಳು ಸುಮ್ಮನೆ ಒಂದು ಕಡಬಿಗೆ ನಿರಿಗೆ ಹಿಡಿದಳು. ಕುಚ್ಚು ಕಟ್ಟಿದ ಬೆರಳುಗಳು, ಎಂಟು ನಿರಿಗೆ ಒಂದೇ ಅಳತೆಗೆ ಬಂದವು. ಇದನ್ನು ಕಲಿಯಲು ತನಗೆ ನಾಲ್ಕು ತಿಂಗಳು ಹಿಡಿದಿತ್ತು ಎಂದು ಅವನು ಹೇಳಿದ. ಹೇಳಿ ಬಹಳ ಹೊತ್ತು ಆ ಕಡಬನ್ನೇ ನೋಡುತ್ತಿದ್ದ.

ಮನೆಯಲ್ಲಿ ಮಾತು ಎತ್ತಿದವನು ವೀರೇಂದ್ರನೇ. ಅಕ್ಕ ದಿನಾ ಬುತ್ತಿ ಹೊತ್ತು ತಿರುಗಿ ಬಸವಳಿದಾಳ, ಆಕಿನ್ನ ಅಲ್ಲೇ ಇಟ್ಟುಬಿಡೋಣ ಅಂತ ಅಪ್ಪನ ಮುಂದೆ ಹೇಳಿ ನಗಿಸಿದ. ಎರಡೂ ಮನೆಯವರು ಕುಳಿತು ಮಾತಾಡಿದರು. ದೀಪಾವಳಿ ಕಳೆದ ಮೇಲೆ ನಿಶ್ಚಯ ಎಂದಾಯಿತು.

ಆದರೆ ಮೇಲಿನ ಆ ಪರಶಿವನ ಮನಸ್ಸಿನಲ್ಲಿ ಬೇರೆಯೇ ಇತ್ತು.

ದೀಪಾವಳಿಗೆ ಹದಿನೆಂಟು ದಿನ ಇದ್ದಾಗ ವೀರೇಂದ್ರ ಜ್ವರ ಹೊತ್ತು ಊರಿಗೆ ಬಂದ. ಡೆಂಗಿ ಎಂದರು. ರಾಯಚೂರಿನ ಆಸ್ಪತ್ರೆಗೆ ಸೇರಿಸಿದರು. ಶೇಖರಮ್ಮ ಮಗನ ಮಂಚ ಬಿಟ್ಟು ಕದಲಲಿಲ್ಲ. ಹೊತ್ತುಹೊತ್ತಿಗೆ ಬಿಸಿ ಗಂಜಿ ತಂದು ಚಮಚದಿಂದ ಕುಡಿಸಲು ನೋಡಿದರು. ಅವನು ಬಾಯಿ ಬಿಗಿಹಿಡಿದು ಮುಖ ಗೋಡೆಗೆ ತಿರುಗಿಸುತ್ತಿದ್ದ. ನಾಲ್ಕನೆಯ ದಿನ ದಾನೇಶ್ವರಿ ಹೋಗಿ ಅವನ ಪಾದ ಹಿಡಿದು ಕುಳಿತಳು. ಪಾದ ಕಾದ ಕಲ್ಲಿನಂತಿದ್ದವು.

ಐದನೆಯ ದಿನ ಬೆಳಗಿನ ಹೊತ್ತಿಗೆ ಅವು ತಣ್ಣಗಾಗಿದ್ದವು.

ಇಪ್ಪತ್ತಾರು ವರ್ಷ. ಕರಿಬಸಯ್ಯನವರೇ ಅವನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಉಳಿದ ವಿಭೂತಿಯನ್ನು ಮುಷ್ಟಿಯಲ್ಲೇ ಹಿಡಿದು ಕುಳಿತರು.

*

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು, ಬೀಗರು ಅಡುಗೆ ಮಾಡಿ ತಂದಿಡುತ್ತಾರೆ. ರೊಟ್ಟಿ, ಬೇಳೆ, ಅನ್ನ. ಅದಕ್ಕೆ ಮೀರಿ ಏನೂ ತರುವುದಿಲ್ಲ. ಕಡಬು, ಹೋಳಿಗೆಯಂಥ ಹೂರಣ ತುಂಬಿದ ಪದಾರ್ಥವಂತೂ ಆ ಹೊಸ್ತಿಲು ದಾಟುವಂತಿಲ್ಲ. ಅದು ಹಬ್ಬದ ಊಟ. ಸತ್ತ ಮನೆಗೆ ಅದನ್ನು ಕಳಿಸುವವರು ಆ ಸಾವಿನಿಂದ ಸಂತೋಷಪಟ್ಟವರು ಎಂದೇ ನಮ್ಮ ಕಡೆ ತಿಳಿಯುತ್ತಾರೆ.

ಮಣ್ಣು ಮುಗಿಸಿ ಗಂಡಸರು ಸ್ನಾನ ಮಾಡಿ ಬಂದಿದ್ದರು. ಪಡಸಾಲೆಯಲ್ಲಿ ಜನರು ತಂದಿಟ್ಟ ಡಬ್ಬಿಗಳ ಸಾಲು. ಬಂದವರ ಹಸಿದ ಮಕ್ಕಳಿಗೆ ಏನಾದರೂ ಕೊಡೋಣ ಎಂದು ಶೇಖರಮ್ಮ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು.

ತೆಗೆದವರು ಹಾಗೆಯೇ ಕುಳಿತುಬಿಟ್ಟರು.

ಒಳಗೆ ನಿರಿಗೆ ಹಿಡಿದ ಬಿಳಿಯ ಕಡಬುಗಳು. ಮೇಲೆ ಕೆಂಪು ಎಣ್ಣೆ, ಹುರಿದ ಎಳ್ಳು. ಮುಚ್ಚಳದ ಮೇಲೆ ಶಿವಕಾಂತನ ತಂದೆಯ ಹೆಸರು ಕೆತ್ತಿತ್ತು.

ಡಬ್ಬಿ ಹಿಡಿದೇ ಅವರು ಅಂಗಳಕ್ಕೆ ಬಂದರು. ಶಿವಕಾಂತ ಗಂಡಸರ ನಡುವೆ ನಿಂತಿದ್ದ. ಬದಲಿಸಲು ಬೇರೆ ಅಂಗಿಯಿಲ್ಲದೆ, ತೋಳಿಗೆ ಕುಣಿಯ ಮಣ್ಣು ಹಾಗೇ ಹತ್ತಿತ್ತು.

"ನನ್ನ ಮಗನ್ನ ಮಣ್ಣಾಗ ಇಟ್ಟು ತಾಸಾಗಿಲ್ಲ," ಎಂದರು ಶೇಖರಮ್ಮ. ದನಿ ಏರಿರಲಿಲ್ಲ. "ಕಡಬು ತಂದೀಯೇನಪಾ?"

ಗಂಡಸರೆಲ್ಲ ಅವನ ಕಡೆ ತಿರುಗಿದರು.

ಬಾಗಿಲ ಮರೆಯಲ್ಲಿದ್ದ ದಾನೇಶ್ವರಿ ಅವನನ್ನೇ ನೋಡಿದಳು. *ಏನಾದರೂ ಹೇಳು... ಒಂದೇ ಮಾತು ಹೇಳು...*

ಶಿವಕಾಂತ ಬಾಯಿ ತೆರೆದ. ಶೇಖರಮ್ಮನ ಮುಖ ನೋಡಿದ. ಮತ್ತೆ ಬಾಯಿ ಮುಚ್ಚಿಕೊಂಡ.

"ತಪ್ಪಾತ್ರಿ ಅವ್ವಾ," ಎಂದ. ಅಷ್ಟೇ.

ಆ ಮೌನ ದಾನೇಶ್ವರಿಯ ಎದೆಗೆ ಕಲ್ಲಿನಂತೆ ಬಿತ್ತು. ತಮ್ಮನ ಜೀವದ ಗೆಳೆಯನಿಗೆ ಇಷ್ಟೂ ತಿಳಿಯದೆ? ತಿಳಿದೂ ತಂದನೇ? ಅವಳು ಹೊಸ್ತಿಲಿಗೆ ಬಂದು ಹೇಳಿದಳು.

"ಹೋಗಿಬಿಡ್ರಿ. ಇನ್ನ ಈ ಮನಿಗೆ ಬರಬ್ಯಾಡ್ರಿ."

ಅವನು ಹೋದ. ಕಡಬು ತಿಪ್ಪೆಗೆ ಹೋಯಿತು. ಡಬ್ಬಿಯನ್ನು ಅವಳೇ ತೊಳೆದು ಅಡುಗೆಮನೆಯ ನಾಗೊಂದಿಗೆಯ ಮೇಲೆ ಬೋರಲು ಹಾಕಿದಳು. ಮೂರು ಸಲ ತೊಳೆದರೂ ಶೇಂಗಾದ ವಾಸನೆ ಹೋಗಲಿಲ್ಲ.

*

ಒಂದು ವರ್ಷ.

ಆ ವರ್ಷದಲ್ಲಿ ಅವಳು ಎಷ್ಟು ಸೀರೆಗೆ ಕುಚ್ಚು ಕಟ್ಟಿದಳೋ ಲೆಕ್ಕವಿಲ್ಲ. ಫೋನು ಸದ್ದಾದಾಗಲೆಲ್ಲ ಕೈ ನಿಲ್ಲುತ್ತಿತ್ತು. ಅವನದಲ್ಲ ಎಂದು ತಿಳಿದ ಮೇಲೆ ಮತ್ತೆ ಓಡುತ್ತಿತ್ತು. ಬೇರೆ ಎರಡು ಕಡೆಯಿಂದ ಗಂಡು ನೋಡಲು ಬಂದರು. ವರ್ಷ ಕಳೆಯಲಿ ಎಂದು ಅಪ್ಪನೇ ಮುಂದೂಡಿದರು. *ಅವ ಒಂದು ಮಾತು ಆಡಿದ್ದರೆ...* ಎಂದು ಅವಳು ದಿನವೂ ಅಂದುಕೊಳ್ಳುತ್ತಿದ್ದಳು. ತಾನು ಒಂದು ಮಾತು ಕೇಳಿದ್ದರೆ ಎಂದು ಒಮ್ಮೆಯೂ ಅಂದುಕೊಂಡಿರಲಿಲ್ಲ.

ವರ್ಷದ ದಿನಕ್ಕೆ ಎರಡು ದಿನವಿತ್ತು. ಸತ್ತವರಿಗೆ ಏನೇನು ಸೇರುತ್ತಿತ್ತೋ ಅದನ್ನೆಲ್ಲ ಮಾಡಿ ಎಡೆ ಇಡುವುದು ರೂಢಿ. ಶೇಂಗಾ ಹಿಂಡಿ ಇಲ್ಲದೆ ವೀರೇಂದ್ರನ ಎಡೆ ಆಗುವುದಿಲ್ಲ ಎಂದು ಅವ್ವ ಅವಳನ್ನು ಸಂತೆಗೆ ಕಳಿಸಿದರು.

ಶೇಂಗಾ ಮಾರುವ ಮುದುಕಿ ತೂಗುವುದನ್ನು ಬಿಟ್ಟು ಅವಳ ಮುಖವನ್ನೇ ನೋಡಿದಳು.

"ಬೇಟಿ, ರಾಯಚೂರು ದವಾಖಾನ್ಯಾಗ ತಮ್ಮನ ಕಾಲು ಹಿಡಕೊಂಡು ಕುಂತಿದ್ದಾಕಿ ನೀನೇ ಅಲ್ಲೇನು?"

ಅವಳ ಹೆಸರು ಮಕ್ತುಂಬೀ. ಅವಳ ಗಂಡ ಅಮೀನ್‌ಸಾಬ್ ಪಕ್ಕದ ಮಂಚದಲ್ಲಿದ್ದ. ಅವನು ಉಳಿದುಕೊಂಡ. ಅದನ್ನು ಹೇಳುವಾಗ ಮುದುಕಿ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ಆ ಹುಡುಗನನ್ನು ತಾನು ಮರೆತೇ ಇಲ್ಲ ಎಂದಳು.

"ಅವತ್ತು ಮುಂಜಾನಿ ನೀ ಇನ್ನೂ ಬಂದಿರಲಿಲ್ಲ, ನಿಮ್ಮವ್ವ ಗಂಜಿ ತರಾಕ ಕೆಳಗ ಹೋಗಿದ್ಲು. ನನ್ನ ಫೋನಿಗೆ ಚಾರ್ಜ್ ಇಲ್ಲಮ್ಮಾ, ಒಂದು ನಂಬರ್ ಹಚ್ಚಿಕೊಡು ಅಂದ. ಹಚ್ಚಿಕೊಟ್ಟೆ. ಬಾಯಿ ಕಹಿ ಆಗೈತಿ ಶಿವಾ, ಬಿಸಿದು ಕಂಡ್ರ ಹೊಟ್ಟಿ ತೊಳಸತೈತಿ, ಆ ತಣ್ಣನ ಕಡಬು ಮಾಡಿಕೊಂಡು ಬಾ, ಅದು ಒಂದರ ಇಳೀತೈತಿ ಅಂದ."

ದಾನೇಶ್ವರಿ ಚೀಲ ಕೆಳಗಿಟ್ಟು ಅವಳೆದುರು ಕುಳಿತಳು.

"ಮತ್ತ... ಮತ್ತೇನಂದ?"

"ಅವ್ವಗ ಹೇಳಬ್ಯಾಡ ಅಂದ. ತನ್ನ ಕೈ ಗಂಜಿ ಉಣ್ಣದಂವ ನಿನ್ನ ಕೈದು ಕೇಳಿದಾ ಅಂತ ಗೊತ್ತಾದ್ರ ಆಕಿ ಸಾಯೂತನ ಮರೀಯಂಗಿಲ್ಲ, ಆಣಿ ಮಾಡು ಅಂದ. ಆ ಕಡಿಯಾಂವ ಆಣಿ ಮಾಡಿದ ಮ್ಯಾಲೇ ಫೋನ್ ಇಟ್ಟ." ಮಕ್ತುಂಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಂದಿದ್ನೇನು ಬೇಟಿ? ಉಂಡ್ನೇನು ಹುಡುಗ?"

ದಾನೇಶ್ವರಿ ಇಲ್ಲವೆಂದು ತಲೆಯಾಡಿಸಿದಳು.

*ಅದು ನಮಗೆ ತಂದದ್ದಲ್ಲ... ಅದು ವೀರೂನದು. ವೀರೂನ ಊಟ. ನಾವು ಅದನ್ನು ತಿಪ್ಪೆಗೆ ಹಾಕಿದೆವು...*

*

ಮರುದಿನ ಬೆಳಿಗ್ಗೆ ಅವಳು ನಾಗೊಂದಿಗೆಯ ಮೇಲಿನ ಡಬ್ಬಿ ಇಳಿಸಿದಳು. ಬೇರೆ ಮನೆಯ ಡಬ್ಬಿಯನ್ನು ಖಾಲಿ ತಿರುಗಿ ಕಳಿಸಬಾರದು, ಚಿಟಿಕೆ ಸಕ್ಕರೆಯಾದರೂ ಹಾಕಬೇಕು ಎಂದು ಅವ್ವ ಕಲಿಸಿದ್ದರು. ಅವಳು ಮಕ್ತುಂಬೀಯ ಶೇಂಗಾ ತುಂಬಿದಳು. ಅಪ್ಪನಿಗೆ ಮಾತ್ರ ಹೇಳಿದಳು, ಲಿಂಗಸುಗೂರಿಗೆ ಹೋಗುತ್ತೇನೆ, ಎಡೆಗೆ ಒಂದು ಪದಾರ್ಥ ಕಲಿತು ಬರುತ್ತೇನೆ ಎಂದು. ಕರಿಬಸಯ್ಯ ಡಬ್ಬಿ ನೋಡಿದರು, ಮಗಳನ್ನು ನೋಡಿದರು. ಹೋಗಿ ಬಾ ಎಂದರು.

ಮಸ್ಕಿ ದಾಟುವವರೆಗೂ ಅವಳು ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಶಿವಕಾಂತ ಗಿರಾಕಿಗೆ ಅಕ್ಕಿ ತೂಗುತ್ತಿದ್ದ. ಸೊರಗಿದ್ದ. ಅವಳನ್ನು ಕಂಡ. ನಂತರ ಡಬ್ಬಿ ಕಂಡ. ತಕ್ಕಡಿ ಕೈಯಲ್ಲೇ ನಿಂತಿತು.

"ಕೊಟ್ಟು ಹೋಗಾಕ ಬಂದೀರೇನು?" ಎಂದ ಮೆಲ್ಲಗೆ.

"ಮುಚ್ಚಳ ತಗೀರಿ."

ತೆಗೆದ.

"ಮಕ್ತುಂಬೀ ಅಂತ ಒಬ್ಬಾಕಿ ಮಾರತಾಳ. ಅವತ್ತು ವೀರೂ ನಿಮಗ ಫೋನ್ ಮಾಡಿದ್ದು ಆಕಿ ಫೋನಿಂದ."

ಶಿವಕಾಂತ ಹಿಂದಿದ್ದ ಅಕ್ಕಿ ಚೀಲದ ಮೇಲೆ ಕುಳಿತ. ಹಿಡಿ ಶೇಂಗಾ ತೆಗೆದು ಒಂದೊಂದಾಗಿ ಡಬ್ಬಿಗೆ ಬಿಟ್ಟ.

"ನನಗರ ಯಾಕ ಹೇಳಲಿಲ್ಲ ನೀವು?" ಎಂದಳು. "ಒಂದು ವರ್ಷ... ಒಂದು ವರ್ಷ ನಾ ನಿಮ್ಮನ್ನ ಬೈಕೊಂತ ಬದುಕೀನಿ."

"ನಿಮಗ ಹೇಳಿದ್ರ, ನನ್ನ ಉಳಿಸಾಕ ನೀವು ಅವ್ವಾರ ಮುಂದ ಹೇಳ್ತಿದ್ರಿ. ಅವ ಕೇಳಿದ್ದು ಅದೊಂದೇ ಮಾತು." ಅವನು ತಲೆ ಎತ್ತಲಿಲ್ಲ. "ಮತ್ತ ನಾ ಬೈಸಿಕೊಳ್ಳಾಕ ತಕ್ಕಾಂವನೇ. ಅವ ಫೋನ್ ಮಾಡಿದ್ದು ಹಿಂದಿನ ದಿನ ಮುಂಜಾನಿ. ಮಧ್ಯಾಹ್ನಕ್ಕ ಕಡಬು ಆಗಿದ್ವು. ಬಿಸಿ ಇದ್ವು. ಅವ ತಣ್ಣಂದ ಕೇಳ್ಯಾನ, ಫ್ರಿಜ್ಜಿನಾಗ ಇಟ್ಟು ನಾಳೆ ಮದಲನೇ ಬಸ್ಸಿಗಿ ಒಯ್ಯೋಣ ಅಂತ ಬಿಟ್ಟೆ. ನಾ ಹೋಗೂದ್ರಾಗ ಮಂಚ ಖಾಲಿ ಇತ್ತು... ಡಬ್ಬಿ ಮನಿಗಿ ತಿರುಗಿ ಒಯ್ಯಾಕ ಕಾಲು ಬರಲಿಲ್ಲ. ಎಸೀಲಾಕ ಕೈ ಬರಲಿಲ್ಲ. ಅವನ ಮನ್ಯಾಗ ಇರಲಿ ಅಂತ ಇಟ್ಟೆ. ಹಬ್ಬದ ಕಡಬು ಅಂತ ತಿಳೀತಾರ ಅನ್ನೂದು ನನ್ನ ತಲ್ಯಾಗ ಬರಲೇ ಇಲ್ಲ."

ಅವಳು ಅತ್ತಳು. ಅಂಗಡಿ, ಬೀದಿ, ಜನ ಯಾವುದನ್ನೂ ಲೆಕ್ಕಿಸದೆ ಅತ್ತಳು. ಅವನು ಎದ್ದು ಅಂಗಡಿಯ ಬಾಗಿಲು ಎಳೆದ.

"ನಾಳಿ ಅವನ ವರ್ಷ," ಎಂದಳು ಕಣ್ಣೊರೆಸಿಕೊಂಡು. "ಎಡಿಗೆ ಆ ಕಡಬು ಇಡಬೇಕು. ನನ್ನ ಕೈಲೇ ಮಾಡಬೇಕು. ಕಲಿಸ್ರಿ."

*

ಶಿವಕಾಂತನ ತಾಯಿ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತರು. ಒಂದೂ ಪ್ರಶ್ನೆ ಕೇಳಲಿಲ್ಲ. ಎಲೆಕೋಸು ಹೆಚ್ಚಿಕೊಟ್ಟರು.

ಅವನು ಹೇಳಿದಂತೆ ಅವಳು ಮಾಡಿದಳು. ಮೈದಾಕ್ಕೆ ಉಪ್ಪು ಹಾಕಿ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಬಿಟ್ಟಳು. ಕೋಸಿಗೆ ಉಪ್ಪು ಬೆರೆಸಿ ನೀರು ಹಿಂಡಿ ತೆಗೆದಳು. ನೀರು ಉಳಿದರೆ ಕಡಬು ಒಡೆಯುತ್ತದೆ. ತೆಳ್ಳಗೆ ಲಟ್ಟಿಸಿದ ಪುಟ್ಟ ಹಾಳೆಗಳಲ್ಲಿ ಹೂರಣ ಇಟ್ಟು ನಿರಿಗೆ ಹಿಡಿದಳು. ಎಂಟೆಂಟು ನಿರಿಗೆ. ಕುದಿಯುವ ನೀರಿನಲ್ಲಿ ಅವು ಮುಳುಗಿ, ಆಮೇಲೆ ಒಂದೊಂದೇ ತೇಲಿ ಬಂದವು. ತೆಗೆದು ತಣ್ಣೀರಿಗೆ ಹಾಕಿ, ಒಂದಕ್ಕೊಂದು ಅಂಟದಂತೆ ಎಣ್ಣೆ ಸವರಿ ಫ್ರಿಜ್ಜಿನಲ್ಲಿ ಇಟ್ಟಳು.

ಶೇಂಗಾ ಹುರಿದು ಸಿಪ್ಪೆ ತೆಗೆದು, ಹುರಿದ ಎಳ್ಳಿನ ಜೊತೆ ಎಣ್ಣೆ ಬಿಡುವವರೆಗೆ ರುಬ್ಬಿದಳು. ಬೆಳ್ಳುಳ್ಳಿ, ಒಣಮೆಣಸಿನ ಪುಡಿಯ ಮೇಲೆ ಕಾದ ಎಣ್ಣೆ ಸುರಿದಾಗ ಘಾಟು ಎದ್ದು ಮೂವರೂ ಕೆಮ್ಮಿದರು. ಕೆಮ್ಮಿನ ನೆಪದಲ್ಲಿ ಮೂವರೂ ಕಣ್ಣೊರೆಸಿಕೊಂಡರು. ಸೋಯಾ ಸಾಸು, ವಿನೆಗರು, ಚೂರು ಬೆಲ್ಲ, ತಣ್ಣೀರು. ಎಲ್ಲ ಕೂಡಿ ಸಾರಿಗಿಂತ ಗಟ್ಟಿ, ಹಿಂಡಿಗಿಂತ ತೆಳುವಾಯಿತು.

"ತಣ್ಣಗ ಯಾಕ ತಿನ್ನೂದು?" ಎಂದು ಕೇಳಿದಳು.

"ಬಿಸಿ ಇದ್ದಾಗ ಬರೇ ಖಾರ ಗೊತ್ತಾಗತೈತ್ರಿ. ತಣ್ಣಗಾದ ಮ್ಯಾಲ ಒಳಗಿನ ರುಚಿ ಗೊತ್ತಾಗತೈತಿ."

ಸಂಜೆಯ ಬಸ್ಸಿಗೆ ಅವನು ಡಬ್ಬಿ ಕಟ್ಟಿಕೊಡುವಾಗ, ನಾಳೆ ನೀವೂ ಬರಬೇಕು ಎಂದು ಅವಳು ಹೇಳಿದಳು. ಅವ್ವಾರು ಕರೆಯದೆ ಆ ಹೊಸ್ತಿಲು ದಾಟಲಾರೆ, ಸಮಾಧಿಗೆ ಹೂ ಹಾಕಿ ಅಲ್ಲಿಂದಲೇ ಹಿಂದಿರುಗುತ್ತೇನೆ ಎಂದ.

ಕರೆಯಬೇಕಾದರೆ ಅವ್ವನಿಗೆ ನಿಜ ಹೇಳಬೇಕು. ನಿಜ ಹೇಳಿದರೆ ತಮ್ಮ ಕೊನೆಯದಾಗಿ ಕೇಳಿದ್ದ ಮಾತು ಮುರಿಯುತ್ತದೆ. ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಅವಳು ಶಿವನನ್ನು ಕೇಳಿಕೊಂಡಳು: *ನಾನು ಹೇಳಲಾರೆ ತಂದೆ. ನೀನೇ ದಾರಿ ತೋರಿಸು.*

*

ವೀರೇಂದ್ರನ ಫೋಟೋದ ಮುಂದೆ ಬಾಳೆ ಎಲೆ. ರೊಟ್ಟಿ, ಎಣ್ಣೆಗಾಯಿ, ಹಿಂಡಿ, ಮೊಸರು. ಕರಿಬಸಯ್ಯ ಪೂಜೆ ಮುಗಿಸಿದ್ದರು. ದಾನೇಶ್ವರಿ ಡಬ್ಬಿ ತಂದು, ಐದು ಕಡಬು ತೆಗೆದು ಎಲೆಯ ನಡುವೆ ಇಟ್ಟು, ಮೇಲೆ ಕೆಂಪು ಶೇಂಗಾ ಸಾರು ಹಾಕಿದಳು.

ಶೇಖರಮ್ಮ ನೋಡಿದರು.

ಬೈಯುತ್ತಾರೆ ಎಂದುಕೊಂಡಳು ಅವಳು. ಬೈಯಲಿಲ್ಲ. ಅವರು ಬಗ್ಗಿ ಒಂದು ಕಡಬನ್ನು ಬೆರಳಿನಿಂದ ಮುಟ್ಟಿದರು.

"ತಣ್ಣಗದಾವ," ಎಂದರು.

"ಹೌದವ್ವಾ."

"ಅವಂಗ ತಣ್ಣಂದೇ ಬೇಕಾಗಿತ್ತು." ಶೇಖರಮ್ಮ ನೆಲದ ಮೇಲೆ ಕುಳಿತರು. "ದವಾಖಾನ್ಯಾಗ ನನ್ನ ಕೇಳಿದ್ದ. ಅವ್ವಾ, ತಣ್ಣಂದು ಏನರ ಕೊಡ ಅಂತ. ಜ್ವರದಾಗ ತಣ್ಣಂದು ಕೇಳತೀಯಾ ಅಂತ ನಾನೇ ಬೈದೆ. ಬಿಸಿ ಗಂಜಿ ಬಾಯಿಗಿ ಹಿಡದೆ."

ದಾನೇಶ್ವರಿ ಅವ್ವನ ಪಕ್ಕ ಕುಳಿತಳು.

"ಅವತ್ತು ಡಬ್ಬಿ ಮುಚ್ಚಳ ತಗದ ಕೂಡ್ಲೇ ತಿಳೀತು ನನಗ, ಯಾರಿಗಿ ಬಂದಿದ್ದು ಅಂತ. ಬಾಕಿ ಡಬ್ಬಿ ಬಿಸಿ ಇದ್ವು, ಅದೊಂದೇ ತಣ್ಣಗಿತ್ತು. ನನ್ನ ಮಗ ಸಾಯೂ ಮುಂದ ಏನು ಬೇಡಿದ್ನೋ ಅದು ನನ್ನ ಕೈಯಾಗಿತ್ತು... ನಾ ಕೊಟ್ಟಿರಲಿಲ್ಲ." ಅವರು ಎಲೆಯ ಅಂಚು ಸರಿಪಡಿಸಿದರು. "ಅದನ್ನ ನೋಡಿಕೊಂಡು ಇರಾಕ ಆಗಲಿಲ್ಲವ್ವಾ. ಆ ಹುಡುಗ ಎದುರಿಗಿ ಸಿಕ್ಕ. ನನ್ನ ತಪ್ಪು ಅವನ ತಲಿ ಮ್ಯಾಲ ಹಾಕಿದೆ. ಅವನೂ ಹೊತ್ತುಕೊಂಡು ಹೋದ. ನಿನ್ನ ಬಾಳೂ ಹಾಳ ಮಾಡಿದೆ."

ಒಂದು ವರ್ಷದಿಂದ ಒಳಗೇ ಹುಗಿದಿಟ್ಟ ಅಳು ಆಗ ಹೊರಗೆ ಬಂತು. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದು ಅತ್ತರು. ಫೋಟೋದಲ್ಲಿ ವೀರೇಂದ್ರ ನಗುತ್ತಿದ್ದ. ಅವನು ಫೋನಿನಲ್ಲಿ ಹೇಳಿದ ಮಾತನ್ನು ದಾನೇಶ್ವರಿ ಆಗಲೂ ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ.

"ಎಲ್ಲಿ ಅದಾನ ಅವ?" ಎಂದು ಶೇಖರಮ್ಮ ಕೇಳಿದರು.

"ಸಮಾಧಿ ಹಂತ್ಯಾಕ."

ಕರಿಬಸಯ್ಯ ಹೆಗಲಿಗೆ ಶಾಲು ಹಾಕಿಕೊಂಡು, ಯಾರೂ ಹೇಳುವ ಮೊದಲೇ ಮೆಟ್ಟಿಲಿಳಿದಿದ್ದರು.

ಅವರ ಜೊತೆ ಬಂದ ಶಿವಕಾಂತ ಹೊಸ್ತಿಲ ಹೊರಗೆ ನಿಂತ. ಶೇಖರಮ್ಮನೇ ಹೋಗಿ ಅವನ ಕೈ ಹಿಡಿದು ಒಳಗೆ ತಂದರು. ಎಲೆಯ ಮೇಲಿನ ಒಂದು ಕಡಬು ತೆಗೆದು ಅವನ ಬಾಯಿಗೆ ಇಟ್ಟರು.

"ಅವನ ಪಾಲಿಂದು, ಉಣ್ಣು ತಮ್ಮಾ," ಎಂದರು. "ನನಗ ಸಮಾಧಾನ ಆಗತೈತಿ."

ಅವನು ಉಂಡ. ಕಣ್ಣೀರು ಗಲ್ಲದವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

ಮಧ್ಯಾಹ್ನ ಹೊರಟಾಗ ಅವನ ಹಿಂದೆ ಅಂಗಳದವರೆಗೆ ಬಂದವಳು ದಾನೇಶ್ವರಿ ಒಬ್ಬಳೇ.

"ಅವತ್ತು ಇಲ್ಲೇ ನಿಂತು ನಿಮ್ಮನ್ನ ಹೋಗ್ರಿ ಅಂದಿದ್ದೆ," ಎಂದಳು. "ಮದಲನೇ ದಿನ ಒಳಗೇನೈತಿ ನೋಡ್ರಿ ಅಂದಿದ್ರಿ ನೀವು. ಅವತ್ತು ನಾ ನೋಡಲಿಲ್ಲ."

"ನಾನೂ ತೋರಿಸಲಿಲ್ಲಲ್ರಿ."

ಶಿವಕಾಂತ ಚಪ್ಪಲಿ ಮೆಟ್ಟಿ ಅವಳ ಕಡೆ ತಿರುಗಿದ.

"ಡಬ್ಬಿ ಕೊಡ್ರಿ, ಹೊರಡತೀನಿ. ಅಪ್ಪನ ಹೆಸರಿಂದು ಅದು."

"ಖಾಲಿ ಐತಿ. ಖಾಲಿ ಡಬ್ಬಿ ನಮ್ಮ ಮನ್ಯಾಗ ಕೊಡೂದಿಲ್ಲ."

"ಚಿಟಿಕಿ ಸಕ್ಕರಿ ಹಾಕ್ರಿ ಮತ್ತ."

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

"ಇಲ್ಲೇ ಇರಲಿ," ಎಂದಳು. "ನಿಮ್ಮ ಮನಿ ತುಂಬಾಕ ಬರುವಾಗ ನಾನೇ ತರತೀನಿ."